ಶಿರಾಲಿಯಲ್ಲಿ ಎತ್ತಿದ ಬಾನೆಟ್

ಕಳೆದ ವಾರ ನಾನು ಒಂದು ರೈಲನ್ನು ಅಟ್ಟಿಸಿಕೊಂಡು ಹೋದೆ.

ಓಡಿಕೊಂಡಲ್ಲ, ಕಾರಿನಲ್ಲಿ. ಭಟ್ಕಳದಲ್ಲಿ ಕೈತಪ್ಪಿದ ರೈಲನ್ನು ಹೊನ್ನಾವರದಲ್ಲಾದರೂ ಹಿಡಿಯೋಣ, ಅಲ್ಲೂ ಆಗದಿದ್ದರೆ ಕುಮಟಾದಲ್ಲಿ ಎಂದು. ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ದೊಡ್ಡಪ್ಪ. ಹಿಂದಿನ ಸೀಟಿನಲ್ಲಿ ಅಳು ನುಂಗಿಕೊಂಡು ಕೂತ ಅವರ ಮೊಮ್ಮಗಳು. ಸ್ಟೇರಿಂಗ್ ಹಿಡಿದವಳು ನಾನು. ಕಾಲೇಜಿನಲ್ಲಿ ಸಂಧಿ ಸಮಾಸ ಕಲಿಸಿಕೊಂಡು, ಸ್ಪೀಡು ಸ್ವಲ್ಪ ಜಾಸ್ತಿಯಾದರೆ ಮನೆದೇವರನ್ನು ನೆನೆಸಿಕೊಳ್ಳುವ ಹೆಂಗಸು. (ನನ್ನ ವಿದ್ಯಾರ್ಥಿಗಳು ಓದುತ್ತಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಮುಂದಿನದ್ದು ಸಿಲಬಸ್ಸಿನಲ್ಲಿಲ್ಲ.)

ಇಷ್ಟಕ್ಕೂ ರೈಲು ತಪ್ಪಿದ್ದು ಯಾಕೆ? ಕಾರು ಕೆಟ್ಟಿದ್ದರಿಂದ ಅಲ್ಲ. ಕಾರು ಸರಿ ಇದ್ದದ್ದರಿಂದ.

ಮೊದಲು ಕಾರಿನ ವಿಷಯ ಹೇಳುತ್ತೇನೆ. ಅದು ನನ್ನದಲ್ಲ, ತಮ್ಮ ವಿನಾಯಕನದ್ದು. ಅವನು ಹಡಗಿನಲ್ಲಿ ಇಂಜಿನಿಯರ್. ಅರ್ಧ ವರ್ಷ ಸಮುದ್ರದ ಮೇಲೆ, ಇನ್ನರ್ಧ ವರ್ಷ ನಮ್ಮ ತಲೆಯ ಮೇಲೆ. ಈ ಸಲ ರಜೆಗೆ ಬಂದವನು ಮಂಗಳೂರಿಗೆ ಹೋಗಿ ಬೂದು ಬಣ್ಣದ ಹೊಸ ಕಾರೊಂದನ್ನು ತಂದ. ಕಾಯ್ಕಿಣಿಯ ನಮ್ಮ ಮನೆಯ ಅಂಗಳದಲ್ಲಿ ಅದನ್ನು ನಿಲ್ಲಿಸಿ, ಟಯರಿನ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿ, ಪೂಜೆ ಮುಗಿಸಿ, ಮನಸ್ಸು ತಣಿಯುವಷ್ಟು ಓಡಿಸುವ ಮೊದಲೇ ಹಡಗಿನಿಂದ ಕರೆ ಬಂತು. ಹೋಗುವಾಗ ಕೀಲಿಕೈ ನನ್ನ ಕೈಗೆ ಹಾಕಿದ.

"ಅಕ್ಕಾ, ಇದು ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಇಂಜಿನ್ನು. ಟರ್ಬೊ ಬೇರೆ ಅದೆ. ಸುಮ್ನೆ ನಿಲ್ಸಿ ಇಡಬೇಡ. ವಾರಕ್ಕೊಂದ್ಸಲನಾದ್ರೂ ಹೈವೇ ಮೇಲೆ ಓಡ್ಸು," ಅಂದ.

ನಾನು ಎಲ್ಲ ಅರ್ಥವಾದವರ ಹಾಗೆ ತಲೆಯಾಡಿಸಿದೆ. ಡೈರೆಕ್ಟ್ ಅಂದರೆ ಯಾರಿಂದ ಯಾರಿಗೆ ಡೈರೆಕ್ಟ್ ಎಂದು ಕೇಳುವ ಧೈರ್ಯ ಬರಲಿಲ್ಲ.

ನನ್ನದೂ ಒಂದು ಕಾರಿದೆ. ನಿಮಗೆ ಗೊತ್ತೇ ಇದೆ, ಈ ಅಂಕಣದಲ್ಲಿ ಅದು ಆಗಾಗ ಕೆಟ್ಟು ನಿಂತಿದೆ. ಕಾರ್ಬುರೇಟರ್ ಕಾಲದ್ದು. ಮಳೆಗಾಲದ ಬೆಳಿಗ್ಗೆ ಅದನ್ನು ಎಬ್ಬಿಸಬೇಕಾದರೆ ಚೋಕ್ ಎಳೆಯಬೇಕು, ಆಕ್ಸಿಲರೇಟರ್ ಎರಡು ಸಲ ಒತ್ತಿ ಬಿಡಬೇಕು, ಆಮೇಲೆ ಕಣ್ಣು ಮುಚ್ಚಿ ಕೀಲಿ ತಿರುಗಿಸಬೇಕು. ಜಾಸ್ತಿ ಒತ್ತಿದಿರೋ, ಪೆಟ್ರೋಲ್ ಕುಡಿದು ಕುಡಿದು ಉಸಿರು ಕಟ್ಟಿ ಕೂತುಬಿಡುತ್ತದೆ. ಆಗ ಪಕ್ಕದ ಮನೆಯವರನ್ನು ಕರೆದು ತಳ್ಳಿಸಬೇಕು. ಹೀಗೆ ತಳ್ಳಿ ತಳ್ಳಿ ನಮ್ಮ ಕೇರಿಯಲ್ಲಿ ಎಲ್ಲರ ಆರೋಗ್ಯವೂ ಚೆನ್ನಾಗಿದೆ.

ಅಂಥ ಕಾರಿನಿಂದ ಇಳಿದು ವಿನಾಯಕನ ಕಾರು ಹತ್ತಿದರೆ ಹೇಗಾಗಬೇಡ? ಕೀಲಿ ತಿರುಗಿಸಿದೆ, ಅಷ್ಟೆ. ಚೋಕೂ ಇಲ್ಲ, ಪ್ರಾರ್ಥನೆಯೂ ಇಲ್ಲ. ಮೊದಲ ಸಲ ಹೆದ್ದಾರಿಗೆ ಒಯ್ದ ದಿನ ಮುಂದೆ ಒಂದು ಬಸ್ಸು ಹೊಗೆ ಬಿಡುತ್ತಾ ಹೋಗುತ್ತಿತ್ತು. ನನ್ನ ಹಳೆಯ ಕಾರಾಗಿದ್ದರೆ ಅದರ ಹಿಂದೆಯೇ ಊರು ಮುಟ್ಟುತ್ತಿದ್ದೆ. ಇಲ್ಲಿ ಕಾಲು ಸ್ವಲ್ಪ ಒತ್ತಿದೆ ನೋಡಿ, ಬೆನ್ನನ್ನು ಯಾರೋ ಸೀಟಿಗೆ ಒರಗಿಸಿ ಹಿಡಿದ ಹಾಗಾಯಿತು. ಬಸ್ಸು ಹಿಂದೆ ಹೋಯಿತು. ಕಾರಿನಲ್ಲಿ ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಎಷ್ಟೋ ವರ್ಷದಿಂದ ಹಾಗೆ ನಕ್ಕಿರಲಿಲ್ಲ.

ಇನ್ನು ದೊಡ್ಡಪ್ಪ. ಗಣಪತಿ ದೊಡ್ಡಪ್ಪ ಜೀವಮಾನವಿಡೀ ಲಾರಿ ಓಡಿಸಿದವರು. ಹೊನ್ನಾವರದಿಂದ ಮೀನು, ಬರುವಾಗ ಹುಬ್ಬಳ್ಳಿಯಿಂದ ಈರುಳ್ಳಿ. ಮನೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಈಗ ಜಗುಲಿಯಲ್ಲಿ ಕೂತು, ರಸ್ತೆಯ ಕಡೆ ನೋಡದೆಯೇ ಹೋಗುವ ಗಾಡಿಗಳ ಜಾತಕ ಹೇಳುತ್ತಾರೆ. "ಲೋಡ್ ಅದೆ ಅದ್ರಲ್ಲಿ," "ಅದ್ರ ಪಂಪು ನೋಝಲ್ಲು ಹೋಗ್ಯದೆ," "ಇವ್ನು ಕ್ಲಚ್ ಮೇಲೆ ಕಾಲಿಟ್ಕಂಡೇ ಹೋತಾ ಇದ್ದಾನೆ." ಡೀಸೆಲ್ ಬಿಟ್ಟರೆ ಬೇರೆ ಎಣ್ಣೆಯ ಮೇಲೆ ಅವರಿಗೆ ಮರ್ಯಾದೆ ಇಲ್ಲ. ಪೆಟ್ರೋಲ್ ಗಾಡಿ ಅಂದರೆ ಅವರ ಲೆಕ್ಕದಲ್ಲಿ ಪೇಟೆಯವರ ಶೋಕಿ. ಹಾಗಾಗಿ ವಿನಾಯಕನ ಕಾರಿಗೆ ಕೈಮುಗಿದಿದ್ದರೇ ಹೊರತು ಹತ್ತಿರಲಿಲ್ಲ.

ಅವರ ಮೊಮ್ಮಗಳು ಸುಜಾತ. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದ್ದಾಳೆ. ತರಗತಿಯಲ್ಲಿ ಇವಳೊಬ್ಬಳೇ ಹುಡುಗಿ. ಮಾತಿನಲ್ಲಿ ಇಡೀ ತರಗತಿಗೆ ಸಮ. ಬಸ್ಸು ಹತ್ತಿದರೆ ಕಂಡಕ್ಟರನಿಗೆ ಕ್ಲಚ್ ಪ್ಲೇಟ್ ಜಾರುತ್ತಿದೆ ಎಂದು ಹೇಳಿ ಟಿಕೆಟ್ ತೆಗೆದುಕೊಳ್ಳುತ್ತಾಳೆ. ರಿಕ್ಷಾ ಹತ್ತಿದರೆ ಇಳಿಯುವಷ್ಟರಲ್ಲಿ ಡ್ರೈವರನಿಗೆ ಪ್ಲಗ್ಗಿನ ಬಗ್ಗೆ ಒಂದು ಪಾಠ ಆಗಿರುತ್ತದೆ. ಮನೆಯಲ್ಲಿ ಮಿಕ್ಸಿ, ಪಂಪ್‌ಸೆಟ್ಟು, ಅಪ್ಪನ ಬೈಕು, ಯಾವುದರ ಬಗ್ಗೆಯೂ ಅವಳಿಗೆ ಅಭಿಪ್ರಾಯ ಇಲ್ಲ ಎಂದಿಲ್ಲ. ಮನೆಯವರು ಮೊದಮೊದಲು ಬೈದರು, ಆಮೇಲೆ ಕೇಳಿಸಿಕೊಳ್ಳುವುದನ್ನೇ ಬಿಟ್ಟರು. ಮಳೆಗಾಲವಿಡೀ ಹಂಚಿನ ಮೇಲೆ ಬೀಳುವ ಮಳೆಯ ಸದ್ದು ರೂಢಿಯಾಗಿ ಕೇಳಿಸದ ಹಾಗೆ ಅವಳ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಅವಳಿಗೆ ಮುಂಬೈಯಿಂದ ಇಂಟರ್‌ವ್ಯೂ ಬಂತು. ಒಂದು ದೊಡ್ಡ ಕಾರ್ ವರ್ಕ್‌ಶಾಪಿನಲ್ಲಿ ಟ್ರೈನಿ ಕೆಲಸ. ಬೆಳಿಗ್ಗೆ ಅಲ್ಲಿರಬೇಕು, ಇನ್ನೊಂದು ದಿನ ಕೊಡುವುದಿಲ್ಲ ಎಂದು ಫೋನಿನಲ್ಲೇ ಖಡಾಖಂಡಿತವಾಗಿ ಹೇಳಿದ್ದರು. ಮನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಅಂದವರು ದೊಡ್ಡಪ್ಪ. "ಗ್ಯಾರೇಜು ಅಂದ್ರೆ ಎಂತದು ಅಂತ ನಂಗೊತ್ತದೆ. ಗ್ರೀಸು, ಬೈಗುಳ, ಬೀಡಿ. ಹೆಣ್ಣುಮಗುಗೆ ಅಲ್ಲಿ ಎಂತ ಕೆಲ್ಸ?" ಅವಳು ವಾದ ಮಾಡಿದಳು. ಅತ್ತಳು. ಊಟ ಬಿಟ್ಟಳು, ಮತ್ತೆ ಮಾಡಿದಳು, ಯಾಕೆಂದರೆ ಅವತ್ತು ಬಂಗಡೆ ಸಾರು ಇತ್ತು. ಕೊನೆಗೆ ದೊಡ್ಡಪ್ಪ "ಆತು, ಹೋಗು" ಅಂದರು. ಆದರೆ ಆ "ಆತು"ವಿನಲ್ಲಿ ಒಪ್ಪಿಗೆಗಿಂತ ಸುಸ್ತೇ ಜಾಸ್ತಿ ಇತ್ತು.

ಸಂಜೆಯ ಮುಂಬೈ ಗಾಡಿಗೆ ಭಟ್ಕಳದಿಂದ ರಿಸರ್ವೇಶನ್. ಮುಂಬೈ ಸ್ಟೇಶನ್ನಿನಲ್ಲಿ ಚಿಕ್ಕಮ್ಮನ ಮಗ ಬಂದು ಕರೆದುಕೊಂಡು ಹೋಗುವುದು ಎಂದಾಗಿತ್ತು. ಸುಜಾತಳ ಅಪ್ಪ ಅಮ್ಮ ಇಬ್ಬರೂ ಹತ್ತಿರದ ನೆಂಟರ ಮನೆಯ ಕೆಲಸಕ್ಕೆ ಸಿಕ್ಕಿಬಿದ್ದಿದ್ದರು. ನಾನು ಬಿಟ್ಟು ಬರುತ್ತೇನೆ ಅಂದೆ. ಹೊರಡುವಾಗ ನೋಡಿದರೆ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಮಾತೂ ಆಡದೆ, ಮುಂದಿನ ಸೀಟಿನಲ್ಲಿ ಬಂದು ಕೂತರು. ಪೆಟ್ರೋಲ್ ಕಾರಿನಲ್ಲಿ. ನಾವು ಮುಖ ಮುಖ ನೋಡಿಕೊಂಡೆವು.

ಏಸಿ ಹಾಕಹೋದೆ, ಬೇಡ ಅಂದರು. ಕಿಟಕಿ ಗಾಜು ಇಳಿಸಿದರು. ಅಲ್ಲೇ ಆದದ್ದು ಎಡವಟ್ಟು.

ಓಡುವಾಗ ಆ ಕಾರಿನಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ. ಶಿರಾಲಿ ಪೇಟೆಯಲ್ಲಿ ಮುಂದಿನ ಬಸ್ಸು ಜನ ಹತ್ತಿಸಿಕೊಳ್ಳಲು ನಿಂತಿತು. ನಾವೂ ನಿಂತೆವು. ಆಗ ಕೇಳಿಸಿತು. ಟಿಕ್ ಟಿಕ್ ಟಿಕ್ ಟಿಕ್. ಬಾನೆಟ್ಟಿನ ಒಳಗೆ ಯಾರೋ ಕೂತು ಅಡಿಕೆ ಕತ್ತರಿಸುತ್ತಿರುವ ಹಾಗೆ. ನಾನು ಅದನ್ನು ಮುಂಚೆಯೂ ಕೇಳಿದ್ದೆ, ಹೊಸ ಕಾರಿನ ಗತ್ತು ಇರಬಹುದು ಅಂದುಕೊಂಡಿದ್ದೆ. ದೊಡ್ಡಪ್ಪನ ಕಿವಿ ನೆಟ್ಟಗಾಯಿತು.

"ಎಂತ ಸದ್ದು ಅದು?"

"ಇಂಜೆಕ್ಟರ್ ಸದ್ದು ಅಜ್ಜಾ," ಹಿಂದಿನಿಂದ ಸುಜಾತ. "ಇಂಥ ಇಂಜಿನ್ನು ಹಾಂಗೇ ಮಾಡ್ತದೆ. ಅದು..."

"ನೀ ಸುಮ್ನಿರು. ಟ್ಯಾಪೆಟ್ ಹೋಗ್ಯದೆ. ಇಲ್ಲ, ಆಯಿಲ್ ಮೇಲೆ ಹೋತಾ ಇಲ್ಲ. ತಂಗೀ, ಬದಿಗೆ ಹಾಕು. ನಿಲ್ಸು ಗಾಡಿ."

"ದೊಡ್ಡಪ್ಪಾ, ರೈಲಿಗೆ ಹೊತ್ತಾಗ್ತದೆ," ಅಂದೆ.

"ಇಂಜಿನ್ನು ಜಾಮ್ ಆದ್ರೆ ರೈಲೂ ಇಲ್ಲ, ಕಾರೂ ಇಲ್ಲ. ಹುಡ್ಗ ಸಮುದ್ರದಲ್ಲಿ ಅವ್ನೆ. ಅವ್ನಿಗೆ ಎಂತ ಹೇಳ್ತೆ?"

ಹೊಸ ಕಾರು. ತಮ್ಮನ ಕಾರು. ಇಂಜಿನ್ನಿನ ಜೊತೆ ಜೀವ ಸವೆಸಿದ ಹಿರಿಯರ ಮಾತು. ಒಂದು ಕಡೆ ಅದು, ಇನ್ನೊಂದು ಕಡೆ ಯಾವಾಗಲೂ ಏನಾದರೂ ಹೇಳುತ್ತಲೇ ಇರುವ ಹುಡುಗಿ. ನೀವಾಗಿದ್ದರೆ ಯಾರ ಮಾತು ಕೇಳುತ್ತಿದ್ದಿರಿ? ನಾನೂ ಅದನ್ನೇ ಮಾಡಿದೆ. ಬದಿಗೆ ಹಾಕಿದೆ.

ನಮ್ಮ ಕಡೆಯ ಒಂದು ಪದ್ಧತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹೆದ್ದಾರಿ ಪಕ್ಕದಲ್ಲಿ ಯಾರದ್ದೇ ಬಾನೆಟ್ ಮೇಲೆದ್ದರೂ, ಹೋಗುವವರು ನಿಂತು ಒಳಗೆ ಇಣುಕಿ ಒಂದು ಸಲಹೆ ಕೊಟ್ಟೇ ಮುಂದೆ ಹೋಗಬೇಕು. ಕೊಡದೆ ಹೋದರೆ ಅದು ಅಹಂಕಾರ. ಐದಾರು ಜನ ಸೇರಿದರು. ಒಬ್ಬರು ಒಳಗೆ ಇಲಿ ಹೊಕ್ಕಿದೆ ಅಂದರು. ಒಬ್ಬರು ಫ್ಯಾನಿಗೆ ಎಲೆ ಸಿಕ್ಕಿದೆ ಅಂದರು. ಇನ್ನೊಬ್ಬರು ಹಲ್ಲಿ ಇರಬೇಕು, ಹಲ್ಲಿ ನುಡಿದರೆ ಒಳ್ಳೆಯದೇ ಅಂದರು. ಅಷ್ಟರಲ್ಲಿ ದೊಡ್ಡಪ್ಪ ಎದುರಿನ ಗ್ಯಾರೇಜಿನಿಂದ ತಮ್ಮ ಹಳೆಯ ಗೆಳೆಯ ಉಸ್ಮಾನ್ ಭಾಯಿಯವರನ್ನು ಕರೆತಂದರು. ಅವರು ಕೈ ಒರೆಸಿಕೊಂಡು ಬಂದು, ಬಾನೆಟ್ಟಿನ ಒಳಗೆ ಬಹಳ ಹೊತ್ತು ನೋಡಿದರು.

"ಗಣಪಣ್ಣಾ, ಇದ್ರಲ್ಲಿ ಇಂಜಿನ್ನೇ ಕಾಣೂದಿಲ್ಲ. ಬರೀ ಪ್ಲಾಸ್ಟಿಕ್ ಕಾಣ್ತದೆ. ಎಲ್ಲಿ ಕೈ ಹಾಕೂದು?"

"ಸದ್ದು ಕೇಳ್ತದಲ್ಲಾ ನಿಂಗೆ?"

"ಸದ್ದು ಬರೋಬ್ಬರಿ ಕೇಳ್ತದೆ. ಡೀಸೆಲ್ಲಾ ಇದು?"

"ಪೆಟ್ರೋಲು."

"ಹಂಗಾರೆ ಈ ಸದ್ದು ಬರೂಕಾಗದು."

ಆಯಿತಲ್ಲ, ತೀರ್ಪು ಬಂತು. ಒಬ್ಬರು ಸ್ಟಾರ್ಟ್ ಮಾಡಿ ಅನ್ನುವುದು, ಇನ್ನೊಬ್ಬರು ಬಂದ್ ಮಾಡಿ ಅನ್ನುವುದು. ಆಯಿಲ್ ಕಡ್ಡಿ ತೆಗೆದು ನೋಡಿದರು, ಆಯಿಲ್ ತುಂಬಾ ಇತ್ತು. ತುಂಬಾ ಇದ್ದದ್ದೇ ತಪ್ಪು ಎಂದು ಒಬ್ಬರು ಹೇಳಿದರು. ಸುಜಾತ ಗುಂಪಿನ ಹೊರಗೆ ನಿಂತು, "ಅದು ಕೆಟ್ಟಿದ್ದಲ್ಲ, ಅದು ಹಾಂಗೇ ಇರೂದು, ದಯವಿಟ್ಟು ಹೊರಡುವಾ" ಎಂದು ಹೇಳುತ್ತಲೇ ಇದ್ದಳು. ಯಾರೂ ಅವಳ ಕಡೆ ತಿರುಗಲಿಲ್ಲ. ಕೊನೆಗೆ ಅವಳು ಬಂದು, ಉಸ್ಮಾನ್ ಭಾಯಿಯವರ ತಲೆ ಹೊರಗಿದೆಯೋ ಒಳಗಿದೆಯೋ ನೋಡಿಕೊಂಡು, ಬಾನೆಟ್ಟನ್ನು ಧಡಾರನೆ ಮುಚ್ಚಿದಳು.

ಭಟ್ಕಳ ಸ್ಟೇಶನ್ ಮುಟ್ಟಿದಾಗ ರೈಲು ಹೊರಟಿತ್ತು. ಕೊನೆಯ ಡಬ್ಬಿಯ ಹಿಂದಿನ ದೊಡ್ಡ ಎಕ್ಸ್ ಗುರುತು ನಮ್ಮನ್ನೇ ನೋಡುತ್ತಾ ಸಣ್ಣದಾಗುತ್ತಿತ್ತು. ಸುಜಾತ ಬ್ಯಾಗು ಹಿಡಿದುಕೊಂಡು ಪ್ಲಾಟ್‌ಫಾರ್ಮಿನ ತುದಿವರೆಗೂ ಓಡಿದಳು. ವಾಪಸು ಬರುವಾಗ ನಡೆದುಕೊಂಡು ಬಂದಳು. ದೊಡ್ಡಪ್ಪನ ಎದುರು ನಿಂತು ಒಂದೇ ಮಾತು ಕೇಳಿದಳು.

"ಅಜ್ಜಾ, ನಾ ಹೋಗೂದು ಬೇಡ ಅಂತ ನೀನು ಬೇಕಂತಲೇ ನಿಲ್ಸಿದ್ದಲ್ದಾ?"

ಅದೇ ಅನುಮಾನ ನನಗೂ ಒಂದು ಕ್ಷಣ ಬಂದು ಹೋಗಿತ್ತು. ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಅವರು ಹಳಿಯ ಕಡೆ ನೋಡಿದರು, ಹೆದ್ದಾರಿಯ ಕಡೆ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ತಂಗೀ, ಗಾಡಿ ತಿರುಗ್ಸು. ಹೊನ್ನಾವರದಲ್ಲಿ ಹಿಡೀವಾ."

ಹಾಗೆ ಶುರುವಾಯಿತು.

ನಿಮಗೆ ಆ ರಸ್ತೆ ಗೊತ್ತಲ್ಲ. ಎರಡು ಗಾಡಿ ಎದುರುಬದುರಾದರೆ ಕನ್ನಡಿ ಮಡಚಬೇಕು ಅನ್ನಿಸುವ ಅಗಲ. ಅದರಲ್ಲಿ ಗ್ಯಾಸ್ ಟ್ಯಾಂಕರು, ಮೀನಿನ ನೀರು ಸುರಿಸುತ್ತಾ ಹೋಗುವ ಲಾರಿ, ಎಲ್ಲಿ ಬೇಕಾದರೂ ನಿಲ್ಲುವ ಟೆಂಪೊ, ಏನೂ ಅವಸರ ಇಲ್ಲದ ಎಮ್ಮೆ. ನಾನು ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದೆ. ಮುಂದೆ ಟ್ಯಾಂಕರು. ರಸ್ತೆ ಎಡಕ್ಕೆ ತಿರುಗಿದಲ್ಲಿ ದೊಡ್ಡಪ್ಪ ಕುತ್ತಿಗೆ ಹೊರಗೆ ಹಾಕಿ ನೋಡಿ, "ಎದ್ರು ಖಾಲಿ ಅದೆ, ಹೊಡಿ" ಅಂದರು. ಹೊಡೆದೆ. ಆ ಇಂಜಿನ್ ಒಂದು ಚೂರೂ ಯೋಚನೆ ಮಾಡಲಿಲ್ಲ. ಕಾಲು ಕೇಳಿದ್ದನ್ನು ಕಾಲು ಕೇಳಿದ ಕ್ಷಣಕ್ಕೇ ಕೊಟ್ಟಿತು. ಟ್ಯಾಂಕರು ಹಿಂದೆ, ಅದರ ಮುಂದಿನ ಲಾರಿಯೂ ಹಿಂದೆ. ನಾನು ಗಟ್ಟಿಯಾಗಿ ಏನೋ ಅಂದೆ. ಏನೆಂದು ನೆನಪಿಲ್ಲ, ಕಾಲೇಜಿನಲ್ಲಿ ಬಳಸುವ ಪದ ಅಲ್ಲ ಅನ್ನುವುದಷ್ಟೇ ನೆನಪು. (ಪೊಲೀಸರು ಈ ಅಂಕಣ ಓದುವವರಾದರೆ, ಸ್ಪೀಡು ಎಷ್ಟಿತ್ತು ಎಂಬುದೂ ನೆನಪಿಲ್ಲ.)

"ಎಂತ ಎಳೀತದೆ ಮಾರಾಯ್ತಿ ಇದು," ದೊಡ್ಡಪ್ಪ ತಮ್ಮಷ್ಟಕ್ಕೇ ಹೇಳಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, ಹಿಂದೆ ತಿರುಗದೆ ಕೇಳಿದರು. "ಮಗಾ, ಆ ಸದ್ದು ಎಂತದು ಅಂದೆ ನೀನು?"

ಸುಜಾತ ಮಾತಾಡದೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಕನ್ನಡಿಯಲ್ಲಿ ನೋಡಿದೆ. ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅಷ್ಟರಲ್ಲಿ ನಮ್ಮೂರೇ ಬಂತು. ದೊಡ್ಡಮ್ಮ ಗೇಟಿನ ಹತ್ತಿರ ನಿಂತು ಯಾರೊಡನೆಯೋ ಮಾತಾಡುತ್ತಿದ್ದಳು. ಕಾರು ನೋಡಿ, ಬಿಟ್ಟು ಬಂದರು ಅಂದುಕೊಂಡು ಗೇಟು ತೆಗೆಯಲು ಹೋದಳು. ನಾವು ಅವಳ ಎದುರೇ ಸುಂಯ್ಯನೆ ಹೋದೆವು. ಗೇಟು ಹಿಡಿದುಕೊಂಡು ಬಾಯಿ ತೆರೆದು ನಿಂತ ದೊಡ್ಡಮ್ಮನನ್ನು ಕಂಡು ಸುಜಾತಳಿಗೆ ತಡೆಯಲಾರದೆ ನಗು ಬಂತು. ನಕ್ಕ ಮೇಲೆ ಅವಳಿಗೆ ಸುಮ್ಮನಿರುವುದು ಸಾಧ್ಯವೇ?

"ಅಜ್ಜಾ, ಅಜ್ಜಿ ಚಾಕ್ಕೆ ಬೆಲ್ಲ ಎಲ್ಲಿ ಹಾಕ್ತಾಳೆ?"

"ಪಾತ್ರೆಗೆ."

"ಕುದಿಯೂಕಾದ್ರೇ ಕಲ್ಸಿ ಆಗಿರ್ತದೆ. ಹಳೇ ಪೆಟ್ರೋಲ್ ಇಂಜಿನ್ನು ಹಾಂಗೆ. ಪೆಟ್ರೋಲು ಹೊರಗೇ ಗಾಳಿ ಸಂಗ್ಡ ಕಲ್ಸ್ಕಂಡು ಒಳಗೆ ಬತ್ತದೆ. ನೀನು ಕಷಾಯ ಹೆಂಗೆ ಕುಡೀತೆ?"

"ಬೆಲ್ಲ ಕಚ್ಕಂಡು."

"ಇದು ಬೆಲ್ಲ ಕಚ್ಕಂಡು ಕುಡಿಯೂ ಇಂಜಿನ್ನು. ಗಾಳಿ ಬೇರೆ ದಾರಿಯಲ್ಲಿ ಬತ್ತದೆ. ಪೆಟ್ರೋಲು ಸೀದಾ ಸಿಲಿಂಡರಿನ ಬಾಯಿಗೇ ಬತ್ತದೆ. ಯಾವಾಗ ಬೇಕೋ ಆವಾಗ, ಎಷ್ಟು ಬೇಕೋ ಅಷ್ಟು. ಒಳಗೆ ಮೊದ್ಲೇ ಗಾಳಿ ಒತ್ತಿಕಂಡು ಇರ್ತದಲ್ಲ, ಅದ್ರೊಳಗೆ ನುಗ್ಬೇಕಾದ್ರೆ ಜೋರು ಪ್ರೆಶರ್ ಬೇಕು. ಅದ್ಕೇ ಒಂದು ಪಂಪು. ಆ ಪಂಪು ಹೊಡಿಯೂದು, ಇಂಜೆಕ್ಟರ್ ತೆಗ್ದು ಮುಚ್ಚೂದು, ಅದ್ರ ಸದ್ದೇ ಟಿಕ್ ಟಿಕ್."

ದೊಡ್ಡಪ್ಪ ಸೀಟಿನಲ್ಲಿ ಪೂರ್ತಿ ಹಿಂದೆ ತಿರುಗಿದರು.

"ಪಂಪು, ನೋಝಲ್ಲು, ಸೀದಾ ಒಳಗೆ. ಅದು ಡೀಸೆಲ್ಲಿನ ಪದ್ಧತಿ ಅಲ್ದನಾ?"

"ಮತ್ತೆ? ನಿನ್ನ ಲಾರಿ ಮೊದ್ಲಿಂದ ಮಾಡ್ಕಂಡು ಬಂದದ್ದೇ ಇದು. ಪೆಟ್ರೋಲಿಗೆ ಈಗ ಬುದ್ಧಿ ಬಂತು. ಬೆಂಕಿ ಹಚ್ಚೂಕೆ ಮಾತ್ರ ಪ್ಲಗ್ಗು ಬೇಕು."

ದೊಡ್ಡಪ್ಪನ ಮುಖ ನೀವು ನೋಡಬೇಕಿತ್ತು. ವರ್ಷಗಟ್ಟಲೆ ಯಾರೂ ಮಾತಿಗೆ ಕರೆಯದ ಮನುಷ್ಯನನ್ನು ಸಭೆಯಲ್ಲಿ ವೇದಿಕೆಗೆ ಕರೆದ ಹಾಗಿತ್ತು. "ಅಂದ್ರೆ ಇದು ನಮ್ಮ ಹತ್ರ ಕಲ್ತದ್ದು," ಅಂದರು. ಮತ್ತೊಮ್ಮೆ ಅಂದರು. "ಅದ್ಕೇ ಆ ಸದ್ದು. ಉಸ್ಮಾನನ ಕಿವಿಯೂ ತಪ್ಪಲ್ಲ, ನನ್ನ ಕಿವಿಯೂ ತಪ್ಪಲ್ಲ. ತಂಗೀ, ಆ ಟೆಂಪೊ ಹೊಡಿ."

ಟೆಂಪೊ ಹೊಡೆದೆ. ಮಂಕಿ ಹೋಯಿತು, ಕಾಸರಕೋಡು ಹೋಯಿತು. ಶರಾವತಿ ಸೇತುವೆ ಹತ್ತಿದೆವು. ಮುಂದೆ ಹಂಚು ತುಂಬಿದ ಲಾರಿ, ಆಮೆಯಂತೆ. ಆ ಇಕ್ಕಟ್ಟು ಸೇತುವೆಯ ಮೇಲೆ ಯಾವ ಟರ್ಬೊವೂ ನಡೆಯುವುದಿಲ್ಲ. ಕೆಳಗೆ ನದಿ ಸಮುದ್ರಕ್ಕೆ ಸೇರುವ ಅವಸರದಲ್ಲಿತ್ತು. ಆಗ ಸುಜಾತ ನನ್ನ ಭುಜ ಹಿಡಿದಳು.

"ಅತ್ತೇ, ಬಲಕ್ಕೆ ನೋಡು."

ದೂರದ ರೈಲು ಸೇತುವೆಯ ಮೇಲೆ ನಮ್ಮ ಗಾಡಿ ಹೋಗುತ್ತಿತ್ತು. ಸಂಜೆಯ ಬಿಸಿಲು ಒಂದೊಂದೇ ಡಬ್ಬಿಯ ಮೇಲೆ ಹೊಳೆಯುತ್ತಿತ್ತು. ಒಂದೇ ನದಿ, ಎರಡು ಸೇತುವೆ. ಅದರಲ್ಲಿ ಅದು, ಇದರಲ್ಲಿ ನಾವು, ನಮ್ಮ ಮುಂದೆ ಹಂಚಿನ ಲಾರಿ. ರೈಲು ಕಣ್ಣೆದುರೇ ಇತ್ತು. ಅಷ್ಟು ಚೆಂದದ ನೋಟವನ್ನು ನಾನು ಅಷ್ಟು ಸಿಟ್ಟಿನಿಂದ ಯಾವತ್ತೂ ನೋಡಿಲ್ಲ.

ಸೇತುವೆ ಇಳಿದಾಗ ತೀರ್ಮಾನ ಮಾಡಬೇಕಾಯಿತು. ಹೊನ್ನಾವರ ಸ್ಟೇಶನ್ ಪೇಟೆಯಿಂದ ಒಳಗಿದೆ. ಅಲ್ಲಿಗೆ ಹೋಗಿ, ಅಷ್ಟರಲ್ಲಿ ರೈಲು ಹೊರಟಿದ್ದರೆ ಕುಮಟಾವೂ ಹೋಯಿತು. ಹೋಗದೆ ಬಿಟ್ಟರೆ, ಬಹುಶಃ ಅಲ್ಲೇ ನಿಂತಿರುವ ರೈಲನ್ನು ನಾವೇ ಕೈಯಾರೆ ಬಿಟ್ಟ ಹಾಗೆ. ನನಗೆ ತೋಚಲಿಲ್ಲ. ದೊಡ್ಡಪ್ಪನ ಕಡೆ ನೋಡಿದೆ.

ದೊಡ್ಡಪ್ಪ ಹಿಂದಿನ ಸೀಟಿನ ಕಡೆ ನೋಡಿದರು. "ನೀ ಹೇಳು ಮಗಾ. ಎಂತ ಮಾಡುವಾ?"

ಅವಳ ಹುಟ್ಟಿನಿಂದ ಇಲ್ಲಿಯವರೆಗೆ ಆ ಪ್ರಶ್ನೆಯನ್ನು ದೊಡ್ಡಪ್ಪ ಅವಳಿಗೆ ಕೇಳಿದ್ದು ನನಗೆ ಗೊತ್ತಿಲ್ಲ. ಅವಳೂ ತಬ್ಬಿಬ್ಬಾದಳು. ಆದರೆ ಒಂದು ಉಸಿರಿಗಷ್ಟೇ.

"ಸೀದಾ ಕುಮಟಾ. ಒಂದೇ ಹಳಿ ಅಲ್ದಾ ಅಜ್ಜಾ? ಮಂಗಳೂರು ಕಡೆ ಹೋಗೂ ಗಾಡಿ ಎದ್ರಿಂದ ಇನ್ನೂ ಬರ್ಲಿಲ್ಲ. ದಾರೀಲಿ ನಾನು ನೋಡ್ತಾನೇ ಇದ್ದೆ. ಅದು ಬರೂ ತನ್ಕ ಇದನ್ನ ಹೊನ್ನಾವರದಲ್ಲಿ ನಿಲ್ಸ್ತಾರೆ. ನಿಲ್ಸಲೇಬೇಕು."

"ನಿಲ್ಸದಿದ್ರೆ?" ಅಂದೆ ನಾನು.

"ನಿಲ್ಸದಿದ್ರೆ ನಾ ಮನೆಗೆ ಬತ್ತೆ. ಯಾರ ಮೇಲೂ ದೂರಿಲ್ಲ."

ಅಳು ನುಂಗಿಕೊಂಡು ಕೂತು, ಕಿಟಕಿಯ ಹೊರಗೆ ನೋಡುತ್ತಿದ್ದಾಳೆ ಅಂದುಕೊಂಡಿದ್ದೆನಲ್ಲ, ಅವಳು ನೋಡುತ್ತಿದ್ದದ್ದು ಹಳಿಯನ್ನು.

ಸೀದಾ ಹೋದೆವು. ಕರ್ಕಿ, ಹಳದೀಪುರ. ಅಲ್ಲಲ್ಲಿ ನೇರವಾದ ರಸ್ತೆ ಸಿಕ್ಕಿತು. ಕಾರಿಗೆ ಅದೇ ಬೇಕಿತ್ತು. ದೊಡ್ಡಪ್ಪ ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು ಕೂತಿದ್ದರು, ಎತ್ತಿನ ಬೆನ್ನ ಮೇಲೆ ಇಡುವ ಹಾಗೆ. ಪ್ರತಿ ಸಲ ಗಾಡಿ ಮುನ್ನುಗ್ಗಿದಾಗಲೂ ಅವರ ತುಟಿಯ ಅಂಚಿನಲ್ಲಿ ಒಂದು ಸಣ್ಣ ನಗು ಕಾಣುತ್ತಿತ್ತು. ಧಾರೇಶ್ವರ ದಾಟುವಾಗ ನನಗೆ ರೈಲು ಸಿಗುತ್ತದೋ ಇಲ್ಲವೋ ಅನ್ನುವುದು ಒಂದು ಕ್ಷಣ ಮರೆತೇ ಹೋಯಿತು. ಹಾಗೆ ಹೋಗುತ್ತಲೇ ಇರಬೇಕು ಅನ್ನಿಸಿತು. ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ, ಜೀವನದಲ್ಲಿ ಅಷ್ಟು ಖುಷಿಯಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಕುಮಟಾ ಸ್ಟೇಶನ್ನಿನ ಒಳಗೆ ಓಡಿದೆವು. ಪ್ಲಾಟ್‌ಫಾರ್ಮು ಖಾಲಿ. ಹಳಿ ಖಾಲಿ. ಸುಜಾತಳ ಮುಖ ಕಪ್ಪಿಟ್ಟಿತು. ನಾನು ಚಹಾದ ಅಂಗಡಿಯವರನ್ನು ಕೇಳಿದೆ, ಮುಂಬೈ ಗಾಡಿ ಹೋಯಿತಾ ಎಂದು. ಅವರು ಲೋಟ ತೊಳೆಯುವುದನ್ನು ನಿಲ್ಲಿಸದೆ, "ಎಲ್ಲಿ ಹೋತದೆ? ಹೊನ್ನಾವರದಲ್ಲಿ ಕ್ರಾಸಿಂಗಿಗೆ ನಿಲ್ಸಿರೂದು. ಚಾ ಕೊಡ್ಲಾ?" ಅಂದರು.

ಹಾಗೆ, ರೈಲಿನ ಹಿಂದೆ ಬಿದ್ದವರು ರೈಲಿಗಿಂತ ಮೊದಲು ಬಂದು, ಬೆಂಚಿನ ಮೇಲೆ ಕೂತು ಚಹಾ ಕುಡಿದೆವು. ದೊಡ್ಡಪ್ಪ ಒಂದು ಗುಟುಕು ಕುಡಿದು ಮುಖ ಹುಳಿ ಮಾಡಿದರು. ಸಕ್ಕರೆ ವಿಪರೀತ. "ಇದು ಹಳೇ ಇಂಜಿನ್ನಿನ ಚಾ," ಅಂದರು. ಸುಜಾತಳಿಗೆ ನೆತ್ತಿಗೆ ಹತ್ತಿತು, ಅಷ್ಟು ನಕ್ಕಳು.

ನಗು ನಿಂತ ಮೇಲೆ ಅವಳು ಕೇಳಿದ ಪ್ರಶ್ನೆ ಹಾಗೇ ಉಳಿದಿತ್ತು. ಅದು ಮೂವರಿಗೂ ಗೊತ್ತಿತ್ತು. ದೊಡ್ಡಪ್ಪನೇ ತೆಗೆದರು.

"ನೀ ಹೋಗೂದು ನಂಗೆ ಬೇಡ ಅಂತ ಇದ್ದದ್ದು ಹೌದು. ಅದ್ರಲ್ಲಿ ಸುಳ್ಳಿಲ್ಲ. ಆದ್ರೆ ಗಾಡಿ ವಿಷ್ಯದಲ್ಲಿ ನಾ ನಾಟಕ ಮಾಡೂದಿಲ್ಲ ಮಗಾ. ಸದ್ದು ಬಂದ್ರೆ ನಿಲ್ಸ್‌ಬೇಕು, ನಂಗೆ ಗಾಡಿ ಕಲ್ಸಿದವ್ರು ಮೊದ್ಲು ಹೇಳಿದ್ದೇ ಅದು. ಆ ಸದ್ದು ಕೇಳಿ ನಂಗೆ ಹೆದ್ರಿಕೆ ಆದದ್ದು ಖರೆ."

"ನಾ ಹೇಳಿದ್ನಲ್ಲ ಅಜ್ಜಾ, ಕೆಟ್ಟಿದ್ದಲ್ಲ ಅಂತ."

"ಹೇಳ್ದೆ. ಇವ್ಳು ಯಾವಾಗ್ಲೂ ಎಂತಾದ್ರೂ ಹೇಳ್ತಾ ಇರ್ತಾಳೆ ಅಂತ ನಾ ಕೇಳ್ಲೇ ಇಲ್ಲ." ಲೋಟ ಕೆಳಗಿಟ್ಟರು. "ನಿಲ್ಸಿದ್ದು ತಪ್ಪಲ್ಲ. ಕೇಳದೇ ಇದ್ದದ್ದು ತಪ್ಪು."

ಸುಜಾತ ಅಜ್ಜನ ಲೋಟದಲ್ಲಿ ಉಳಿದಿದ್ದ ಚಹಾವನ್ನು ಎತ್ತಿ ತಾನು ಕುಡಿದಳು.

ಮೊದಲು ಮಂಗಳೂರಿನ ಕಡೆಯ ಗಾಡಿ ಧಡಧಡನೆ ಹೋಯಿತು. ಅವಳು ಹೇಳಿದ್ದೇ ಗಾಡಿ. ಬಹಳ ಹೊತ್ತಿನ ಮೇಲೆ ನಮ್ಮ ಗಾಡಿಯೂ ಬಂತು, ಏನೂ ಆಗಿಲ್ಲ ಅನ್ನುವ ಮುಖ ಮಾಡಿಕೊಂಡು. ಸುಜಾತ ಹತ್ತಿದಳು. ದೊಡ್ಡಪ್ಪ ಬ್ಯಾಗು ಕೊಟ್ಟರು. ಜಾಗ್ರತೆ, ಹೊತ್ತಿಗೆ ಊಟ ಮಾಡು, ಯಾರ ಹತ್ತಿರವೂ ಜಾಸ್ತಿ ಮಾತಾಡಬೇಡ, ಹೀಗೆಲ್ಲ ಹೇಳುತ್ತಾರೆ ಎಂದು ನಾನು ಕಾದೆ. ಹೇಳಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಾಲ್ಕು ಹೆಜ್ಜೆ ಜೊತೆಗೆ ನಡೆದು, ಕೈ ಬಿಟ್ಟರು.

ವಾಪಸು ಬರುವಾಗ ನಿಧಾನ ಬಂದೆವು. ಶಿರಾಲಿಯವರೆಗೆ ಹೋಗುವ ಅಗತ್ಯ ನಮಗಿರಲಿಲ್ಲ, ಮನೆ ಮೊದಲೇ ಬರುತ್ತದೆ. ಆದರೂ ದೊಡ್ಡಪ್ಪ "ಒಂಚೂರು ಮುಂದೆ ಹೋಗಿ ಬರುವಾ" ಅಂದರು. ಉಸ್ಮಾನ್ ಭಾಯಿ ಗ್ಯಾರೇಜಿನ ಬಾಗಿಲು ಹಾಕುತ್ತಿದ್ದರು. ದೊಡ್ಡಪ್ಪ ಅವರನ್ನು ಕರೆದು, ಕಾರಿನ ಮುಂದೆ ನಿಲ್ಲಿಸಿ, ಬೆಲ್ಲ, ಕಷಾಯ, ಪಂಪು, ನೋಝಲ್ಲು ಎಲ್ಲ ವಿವರಿಸಿದರು. ಇಂಜಿನ್ ಟಿಕ್ ಟಿಕ್ ಅನ್ನುತ್ತಲೇ ಇತ್ತು. "ಯಾರು ಹೇಳಿದ್ದು ನಿಂಗೆ ಇದೆಲ್ಲ?" ಎಂದು ಉಸ್ಮಾನ್ ಭಾಯಿ ಕೇಳಿದರು. "ನನ್ನ ಮೊಮ್ಮಗ್ಳು," ಅಂದರು ದೊಡ್ಡಪ್ಪ. ಆ ಪದವನ್ನು ಅಷ್ಟು ಗಟ್ಟಿಯಾಗಿ ಹೇಳಬೇಕಾದ ಕಾರಣ ಇರಲಿಲ್ಲ, ಉಸ್ಮಾನ್ ಭಾಯಿಯವರ ಕಿವಿ ಚೆನ್ನಾಗಿಯೇ ಇದೆ.

ಇಂಟರ್‌ವ್ಯೂ ಆಯಿತು. ಫಲಿತಾಂಶ ಇನ್ನೂ ಬಂದಿಲ್ಲ. ಬೆಳಿಗ್ಗೆ ಒಳಗೆ ಹೋಗುವ ಮೊದಲು ಅವಳು ನನ್ನ ಮೊಬೈಲಿಗೆ ಫೋನ್ ಮಾಡಿದ್ದಳು. ನಾನು ದೊಡ್ಡಪ್ಪನ ಜಗುಲಿಯಲ್ಲೇ ಇದ್ದೆ, ಸಿಗ್ನಲ್ ಅಲ್ಲಿ ಮಾತ್ರ ಸಿಗುತ್ತದೆ. ಸ್ಪೀಕರ್ ಹಾಕಿ ದೊಡ್ಡಪ್ಪನ ಕೈಗೆ ಕೊಟ್ಟೆ. ಅವಳ ಧ್ವನಿ ಸಣ್ಣಗಾಗಿತ್ತು. "ಅಜ್ಜಾ, ಇಲ್ಲಿ ಎಲ್ಲಾ ಹುಡುಗ್ರು. ನಾನೊಬ್ಳೇ. ಎಲ್ಲಾರೂ ನನ್ನೇ ನೋಡ್ತಾ ಇದ್ದಾರೆ. ಒಳಗೆ ಹೋಗಿ ಎಂತ ಮಾಡೂದು?"

ದೊಡ್ಡಪ್ಪ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಸದ್ದು ಮಾಡು," ಅಂದರು.

ಅಂದಹಾಗೆ, ನಿಮ್ಮ ಮನೆಯಲ್ಲೂ ಟಿಕ್ ಟಿಕ್ ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಬಾನೆಟ್ ಎತ್ತುವ ಮೊದಲು ಅವರು ಏನು ಹೇಳುತ್ತಿದ್ದಾರೆ ಎಂದು ಒಮ್ಮೆಯಾದರೂ ಕೇಳಿದ್ದೀರಾ?